ಧರಣಿ ಕೂರುವ ಮೊದಲು ಒಂದು ಕಾಗದ ಬರೆಯಿರಿ

ನಮ್ಮ ಬಡಾವಣೆಗೆ ಹದಿನೇಳು ದಿನ ನೀರು ಬಂದಿರಲಿಲ್ಲ. ಹದಿನೆಂಟನೇ ದಿನ ಬೆಳಿಗ್ಗೆ ಏಳಕ್ಕೆ ನಲವತ್ತು ಜನ ಖಾಲಿ ಕೊಡ ಹಿಡಿದು ಮುಖ್ಯರಸ್ತೆಗೆ ಬಂದೆವು. ಕೊಡಗಳನ್ನು ರಸ್ತೆಗೆ ಅಡ್ಡಲಾಗಿ ಸಾಲಾಗಿ ಇಟ್ಟೆವು. ಇಪ್ಪತ್ತು ನಿಮಿಷದಲ್ಲಿ ಹೊಯ್ಸಳ ಗಾಡಿ ಬಂತು. ಇಳಿದ ಎಸ್‌ಐ, ಮುಂದೆ ನಿಂತಿದ್ದ ಮೂರನೇ ಕ್ರಾಸಿನ ಆಂಟಿಯನ್ನು ಕೇಳಿದರು: "ಪರ್ಮಿಷನ್ ಎಲ್ಲಮ್ಮಾ?"

"ನೀರು ಕೇಳೋಕೂ ಪರ್ಮಿಷನ್ ಬೇಕಾ ಸಾರ್?" ಅಂದರು ಆಂಟಿ. ಎಲ್ಲರೂ ನಕ್ಕರು. ಎಸ್‌ಐ ಕೂಡ ನಕ್ಕರು. ಸಂಜೆ ಹೊತ್ತಿಗೆ ಆರು ಜನರ ಮೇಲೆ ಎಫ್‌ಐಆರ್ ಆಗಿತ್ತು.

ಆಮೇಲೆ ವಕೀಲರ ಕಚೇರಿ, ಕೋರ್ಟು ಅಂತ ಓಡಾಡುವಾಗ ಗೊತ್ತಾಗಿದ್ದು ಇಷ್ಟು. ನೀರು ಕೇಳೋಕೆ ಪರ್ಮಿಷನ್ ಬೇಡ. ಅದನ್ನು ಎಲ್ಲಿ ನಿಂತು, ಎಷ್ಟು ಹೊತ್ತು, ಯಾರ ದಾರಿಗೆ ಅಡ್ಡವಾಗಿ ಕೇಳುತ್ತೀರಿ ಅನ್ನುವುದಕ್ಕೆ ಮಾತ್ರ ಕಾನೂನಿದೆ. ಆ ಗೆರೆ ಎಲ್ಲಿದೆ ಅಂತ ಗೊತ್ತಿದ್ದರೆ ಅರ್ಧ ತಾಪತ್ರಯ ತಪ್ಪುತ್ತದೆ. ನಾನು ವಕೀಲ ಅಲ್ಲ, ಏಟು ತಿಂದು ಕಲಿತವನು. ಹೆಚ್ಚಾಗಿ ಬೆಂಗಳೂರಿನ ಲೆಕ್ಕದಲ್ಲೇ ಬರೆಯುತ್ತಿದ್ದೇನೆ. ಬೇರೆ ಊರಿನವರಿಗೆ ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲಿ ಹೇಳುತ್ತೇನೆ.

ಮೊದಲು: ಹಕ್ಕು ಎಷ್ಟು, ಬೇಲಿ ಎಲ್ಲಿ

ಸಂವಿಧಾನದ 19ನೇ ವಿಧಿ ಮಾತಾಡುವ ಹಕ್ಕು ಕೊಡುತ್ತದೆ. ಶಾಂತಿಯಿಂದ, ಆಯುಧ ಇಲ್ಲದೆ ಒಟ್ಟು ಸೇರುವ ಹಕ್ಕನ್ನೂ ಕೊಡುತ್ತದೆ. ಅದೇ ವಿಧಿಯ ಮೂರನೇ ಉಪವಿಧಿಯಲ್ಲಿ ಬೇಲಿಯೂ ಇದೆ. ದೇಶದ ಸಾರ್ವಭೌಮತೆ, ಏಕತೆ ಮತ್ತು ಸಾರ್ವಜನಿಕ ಸುವ್ಯವಸ್ಥೆಗಾಗಿ ಸರ್ಕಾರ ಈ ಹಕ್ಕಿನ ಮೇಲೆ 'ಸಮಂಜಸ' ನಿರ್ಬಂಧ ಹಾಕಬಹುದು. ಜಗಳವೆಲ್ಲ ಆ 'ಸಮಂಜಸ' ಅನ್ನುವ ಒಂದು ಪದದ ಮೇಲೆಯೇ ನಡೆಯುವುದು.

1972ರಲ್ಲಿ ಅಹಮದಾಬಾದಿನ ಒಂದು ಪ್ರಕರಣದಲ್ಲಿ, ಹಿಮತ್‌ಲಾಲ್ ಶಾ ಪ್ರಕರಣ ಅಂತಾರೆ, ಸುಪ್ರೀಂ ಕೋರ್ಟ್ ಒಂದು ಮಾತು ಖಚಿತ ಮಾಡಿತು. ಪೊಲೀಸರು ಸಾರ್ವಜನಿಕ ರಸ್ತೆಯ ಸಭೆಗಳಿಗೆ ನಿಯಮ ಹಾಕಬಹುದು. ಆದರೆ ಯಾವ ಕಾರಣಕ್ಕೆ ಅನುಮತಿ ನಿರಾಕರಿಸಬಹುದು ಅನ್ನುವುದೇ ಇಲ್ಲದೆ, ಅಧಿಕಾರಿಯ ಇಷ್ಟಕ್ಕೆ ಬಿಟ್ಟ ನಿಯಮ ನಿಲ್ಲುವುದಿಲ್ಲ. ಅಂದರೆ ಪೊಲೀಸರು ಪ್ರತಿಭಟನೆಯನ್ನು ಹಿಡಿತದಲ್ಲಿ ಇಡಬಹುದು, ಕತ್ತು ಹಿಸುಕೋ ಹಾಗಿಲ್ಲ.

ಇನ್ನೊಂದು ಕಡೆಯನ್ನೂ ನೋಡಿ. ದೆಹಲಿಯ ಶಾಹೀನ್ ಬಾಗ್ ಧರಣಿ ಬಗ್ಗೆ 2020ರ ಅಕ್ಟೋಬರ್‌ನಲ್ಲಿ ಬಂದ ತೀರ್ಪು, ಸಾರ್ವಜನಿಕ ರಸ್ತೆಯನ್ನು ಎಷ್ಟು ದಿನ ಬೇಕಾದರೂ ಹಿಡಿದು ಕೂರುವ ಹಾಗಿಲ್ಲ ಅಂದಿತು. ಅದಕ್ಕೂ ಎರಡು ವರ್ಷ ಮೊದಲು, 2018ರಲ್ಲಿ, ಇದೇ ಸುಪ್ರೀಂ ಕೋರ್ಟ್ ಜಂತರ್ ಮಂತರ್‌ನಲ್ಲಿ ಪ್ರತಿಭಟನೆಯನ್ನು ಪೂರ್ತಿ ನಿಷೇಧಿಸುವುದು ಸರಿಯಲ್ಲ ಅಂದಿತ್ತು. ಎರಡನ್ನೂ ಒಟ್ಟಿಗೆ ಓದಿದರೆ ಅರ್ಥ ಇಷ್ಟೇ: ಕೂರಲು ಜಾಗ ಕೊಡಬೇಕು, ಆದರೆ ಎಲ್ಲರೂ ಓಡಾಡುವ ದಾರಿಯನ್ನು ನೀವು ಮನೆ ಮಾಡಿಕೊಳ್ಳಬಾರದು.

ನಮ್ಮ ಕೊಡಗಳು ಇದ್ದದ್ದು ದಾರಿಯ ನಟ್ಟನಡುವೆ. ತಪ್ಪು ಅಲ್ಲೇ ಆಗಿದ್ದು.

ಹೆಜ್ಜೆ 1: ಏನು ಮಾಡುತ್ತಿದ್ದೀರಿ ಅನ್ನುವುದಕ್ಕೆ ಸರಿಯಾದ ಹೆಸರು ಇಡಿ

ಧರಣಿ, ಮೆರವಣಿಗೆ, ರಸ್ತೆ ತಡೆ, ಉಪವಾಸ, ಮುಷ್ಕರ, ಬಂದ್: ಬಾಯಲ್ಲಿ ಎಲ್ಲವೂ 'ಹೋರಾಟ'ವೇ. ಕಾನೂನಿನ ಕಣ್ಣಿಗೆ ಒಂದೊಂದೂ ಬೇರೆ.

ಒಂದು ಕಡೆ ಕೂತು ಮಾಡುವ ಧರಣಿ ಎಲ್ಲಕ್ಕಿಂತ ಸುಲಭ. ಮೆರವಣಿಗೆಗೆ ದಾರಿ, ಸಮಯ ಎರಡಕ್ಕೂ ಒಪ್ಪಿಗೆ ಬೇಕು. ರಸ್ತೆ ತಡೆಗೆ ಯಾವ ಠಾಣೆಯೂ ಅನುಮತಿ ಕೊಡುವುದಿಲ್ಲ, ಯಾಕೆಂದರೆ ದಾರಿಗೆ ಅಡ್ಡಿ ಮಾಡುವುದೇ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ (ಹಳೇ ಐಪಿಸಿ ಜಾಗಕ್ಕೆ ಬಂದ ಕಾನೂನು) 285ನೇ ಸೆಕ್ಷನ್ ಪ್ರಕಾರ ಅದಕ್ಕೆ 5,000 ರೂಪಾಯಿವರೆಗೆ ದಂಡ. ರೈಲು ತಡೆ ಇನ್ನೂ ಜಾಸ್ತಿ ಅಪಾಯ. ಹಳಿ ಮೇಲೆ ಕೂತು ರೈಲು ನಿಲ್ಲಿಸಿದರೆ ರೈಲ್ವೆ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಜೈಲು ಇದೆ.

ಬಂದ್ ಬಗ್ಗೆ ನಮ್ಮ ರಾಜ್ಯದಲ್ಲಿ ಒಂದು ತಮಾಷೆ ಇದೆ. ಬಂದ್ ಕರೆ ಕೊಡುವುದು ನಮಗೆ ಯುಗಾದಿ ಹಬ್ಬದಷ್ಟು ಸಹಜ. ಆದರೆ ಬಲವಂತದ ಬಂದ್ ಅಸಾಂವಿಧಾನಿಕ ಅಂತ ಕೇರಳ ಹೈಕೋರ್ಟ್ 1997ರಲ್ಲೇ ಹೇಳಿದೆ, ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿದಿದೆ. 2023ರ ಸೆಪ್ಟೆಂಬರ್‌ನಲ್ಲಿ ಕಾವೇರಿ ವಿಚಾರಕ್ಕೆ ನಾಲ್ಕೇ ದಿನದಲ್ಲಿ ಎರಡು ಬಂದ್ ಆದಾಗಲೂ ಬೆಂಗಳೂರಿನಲ್ಲಿ ನಿಷೇಧಾಜ್ಞೆ ಹಾಕಿದ್ದರು. ನಿಮ್ಮ ಅಂಗಡಿಯನ್ನು ನೀವೇ ಮುಚ್ಚಿಕೊಳ್ಳಿ, ಅದು ನಿಮ್ಮಿಷ್ಟ. ಪಕ್ಕದವನ ಷಟರ್ ಎಳೆದರೆ ಅದು ಅಪರಾಧ.

ಸರ್ಕಾರಿ ನೌಕರರಿಗೆ ಒಂದು ಮಾತು. ಶಾಂತಿಯುತ ಪ್ರದರ್ಶನ ಮಾಡುವ ಹಕ್ಕು ನಿಮಗೂ ಇದೆ ಅಂತ 1962ರ ತೀರ್ಪಿದೆ. ಮುಷ್ಕರದ ಹಕ್ಕು ಇಲ್ಲ ಅಂತ 2003ರ ತೀರ್ಪಿದೆ. ಎರಡರ ಮಧ್ಯದ ಜಾಗ ಬಹಳ ಕಿರಿದು. ರಜೆ ಚೀಟಿ ಕೊಟ್ಟು ಬನ್ನಿ.

ಆಮರಣಾಂತ ಉಪವಾಸಕ್ಕೆ ಹೊಸ ಕಾನೂನಿನಲ್ಲಿ ಒಂದು ಮುಳ್ಳಿದೆ. ಸರ್ಕಾರಿ ಅಧಿಕಾರಿ ಮೇಲೆ ಒತ್ತಡ ತರಲು ಆತ್ಮಹತ್ಯೆಗೆ ಯತ್ನಿಸಿದರೆ ಒಂದು ವರ್ಷದವರೆಗೆ ಸಾದಾ ಜೈಲು ಅಥವಾ ದಂಡ ಅಂತ ನ್ಯಾಯ ಸಂಹಿತೆಯ 226ನೇ ಸೆಕ್ಷನ್ ಹೇಳುತ್ತದೆ. ಗಾಂಧೀಜಿ ನಾಡಲ್ಲಿ ಉಪವಾಸವನ್ನು ಇದರಡಿ ತರಬಹುದಾ ಅಂತ ವಾದ ಮಾಡಬಹುದು, ಮಾಡಬೇಕು ಕೂಡ. ಆದರೆ ಅರ್ಜಿಯಲ್ಲಿ ನೀವಾಗಿಯೇ 'ಆಮರಣಾಂತ' ಅಂತ ಬರೆದು ಕೊಡಬೇಡಿ. 'ಸರದಿ ಉಪವಾಸ ಸತ್ಯಾಗ್ರಹ' ಅಂತ ಬರೆದರೆ ಸಾಕು.

ಹೆಜ್ಜೆ 2: ಜಾಗ

ಬೆಂಗಳೂರಿನಲ್ಲಿ ಈಗ ಆಯ್ಕೆ ಜಾಸ್ತಿ ಇಲ್ಲ. ಮೊದಲು ಟೌನ್ ಹಾಲ್ ಮೆಟ್ಟಿಲು, ಮೈಸೂರ್ ಬ್ಯಾಂಕ್ ಸರ್ಕಲ್ ಅಂತ ಜನ ಸೇರುತ್ತಿದ್ದರು. ಪ್ರತಿಭಟನೆಗಳಿಂದ ಟ್ರಾಫಿಕ್ ಹದಗೆಡುತ್ತಿದೆ ಅಂತ ಹೈಕೋರ್ಟ್ ತಾನಾಗಿಯೇ ಕೇಸು ಕೈಗೆತ್ತಿಕೊಂಡಿತು. ಅದರ ಬೆನ್ನಲ್ಲೇ ಬೆಂಗಳೂರು ನಗರಕ್ಕೆ ಅಂತಲೇ 2021ರ ಒಂದು ಆದೇಶ ಬಂತು, ಪ್ರತಿಭಟನೆ ಫ್ರೀಡಂ ಪಾರ್ಕ್‌ನಲ್ಲಿ ಮಾತ್ರ ಅಂತ. 2022ರಲ್ಲಿ ಹೈಕೋರ್ಟ್, ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ ಅಂತ ಸರ್ಕಾರಕ್ಕೆ ಹೇಳಿತು.

ಫ್ರೀಡಂ ಪಾರ್ಕ್ ಅಂದರೆ ಹಳೇ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ಅಡ್ವಾಣಿ, ಸ್ನೇಹಲತಾ ರೆಡ್ಡಿ ಅವರನ್ನೆಲ್ಲ ಇಟ್ಟಿದ್ದ ಜಾಗ. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ 2008ರಲ್ಲಿ ಪಾರ್ಕ್ ಆಯಿತು. ಜೈಲಿನ ಕಾಂಪೌಂಡ್ ಒಳಗೆ ಸ್ವಾತಂತ್ರ್ಯದ ಘೋಷಣೆ ಕೂಗುವುದು, ನೋಡಿ, ನಮ್ಮೂರಿನ ವ್ಯಂಗ್ಯ. ಇಡೀ ಒಂದೂವರೆ ಕೋಟಿ ಜನರ ಊರಿಗೆ ಒಂದೇ ಜಾಗ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ವೈಟ್‌ಫೀಲ್ಡ್‌ನಲ್ಲಿ ಮರ ಕಡಿದರೆ ಗಾಂಧಿನಗರದಲ್ಲಿ ಕೂತು ಕೂಗಿ ಯಾರಿಗೆ ಕೇಳಿಸಬೇಕು? ಆದರೆ ಆದೇಶ ಇರುವ ತನಕ ಹೊರಗೆ ಕೂತರೆ ಕೇಸು ಬೀಳುತ್ತದೆ. ಕೇಸು ಬಿದ್ದರೂ ಪರವಾಗಿಲ್ಲ ಅಂತ ಗೊತ್ತಿದ್ದು ಕೂರುವುದು ಬೇರೆ, ಗೊತ್ತಿಲ್ಲದೆ ಸಿಕ್ಕಿಕೊಳ್ಳುವುದು ಬೇರೆ.

ಅಲ್ಲಿ ಕೂತರೆ ಏನೂ ಆಗುವುದಿಲ್ಲ ಅಂತಲೂ ಅಲ್ಲ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಅಲ್ಲೇ ಅಹೋರಾತ್ರಿ ಕೂತಿದ್ದರು. ಅದೇ ವರ್ಷ ಜೂನ್‌ನಲ್ಲಿ ದೇವನಹಳ್ಳಿಯಲ್ಲಿ ಭೂಸ್ವಾಧೀನದ ವಿರುದ್ಧ ಕೂತಿದ್ದ ಚನ್ನರಾಯಪಟ್ಟಣ ಹೋಬಳಿಯ ರೈತರನ್ನು ಪೊಲೀಸರು ಸಂಜೆ ಎಬ್ಬಿಸಿದರು. ಹೋರಾಟ ಫ್ರೀಡಂ ಪಾರ್ಕ್‌ಗೆ ಬಂತು. ಜುಲೈ 15ಕ್ಕೆ 1,777 ಎಕರೆ ಸ್ವಾಧೀನ ಕೈಬಿಡುವುದಾಗಿ ಸರ್ಕಾರ ಘೋಷಿಸಿತು. ಮೂರು ವರ್ಷಕ್ಕೂ ಜಾಸ್ತಿ ಕೂತಿದ್ದರು ಅವರು.

ಬೇರೆ ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಡಿಸಿ ಕಚೇರಿ ಅಥವಾ ತಾಲ್ಲೂಕು ಕಚೇರಿ ಮುಂದೆ ಕೂರುತ್ತಾರೆ. ಬೆಳಗಾವಿ ಅಧಿವೇಶನದ ದಿನಗಳಲ್ಲಿ ಸುವರ್ಣ ವಿಧಾನಸೌಧದ ಹತ್ತಿರ ತೋರಿಸಿದ ಜಾಗದಲ್ಲೇ ಟೆಂಟ್ ಹಾಕಬೇಕು. ಎಲ್ಲಿಯೇ ಆಗಲಿ, ಜಾಗ ಯಾರದ್ದು ಅಂತ ಮೊದಲು ಕೇಳಿಕೊಳ್ಳಿ. ಪೊಲೀಸ್ ಅನುಮತಿ ಸಿಕ್ಕರೂ ಮೈದಾನ ನಗರಸಭೆಯದ್ದೋ ಶಾಲೆಯದ್ದೋ ಆಗಿದ್ದರೆ ಅವರ ಒಪ್ಪಿಗೆಯೂ ಬೇಕು. ಕಚೇರಿಯ ಕಾಂಪೌಂಡ್ ಒಳಗೆ ಸಭೆ ಮಾಡುವ ಹಕ್ಕು ಯಾರಿಗೂ ತಾನಾಗಿ ಬರುವುದಿಲ್ಲ. ಗೇಟಿನ ಒಳಗೆ ನುಗ್ಗಿದರೆ ಅತಿಕ್ರಮ ಪ್ರವೇಶದ ಸೆಕ್ಷನ್ ಸೇರಿಸುತ್ತಾರೆ.

ಹೆಜ್ಜೆ 3: ಅರ್ಜಿ, ಮತ್ತು ಅದಕ್ಕಿಂತ ಮುಖ್ಯವಾಗಿ ಸೀಲು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮುಂದೆ ಕೋರ್ಟಿಗೆ ಹೋಗಬೇಕಾಗಿ ಬಂದರೆ ಕೆಲಸಕ್ಕೆ ಬರುವುದು ಇದೊಂದೇ.

ಅರ್ಜಿ ಕನ್ನಡದಲ್ಲೇ ಬರೆಯಿರಿ, ಒಂದು ಪುಟ ಸಾಕು. ನಾವು ಎರಡನೇ ಸಲ ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು:

"ಗೆ, ಪೊಲೀಸ್ ಇನ್‌ಸ್ಪೆಕ್ಟರ್ ಅವರು. ವಿಷಯ: ಶಾಂತಿಯುತ ಧರಣಿ ನಡೆಸಲು ಅನುಮತಿ ಹಾಗೂ ಬಂದೋಬಸ್ತ್ ಕೋರಿ. ಮಾನ್ಯರೇ, ನಮ್ಮ ಬಡಾವಣೆಗೆ ಸಮರ್ಪಕ ಕುಡಿಯುವ ನೀರು ಪೂರೈಸಬೇಕೆಂದು ಒತ್ತಾಯಿಸಿ ದಿನಾಂಕ … ರಂದು ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ಫ್ರೀಡಂ ಪಾರ್ಕ್‌ನಲ್ಲಿ ಸುಮಾರು 80 ಮಂದಿ ಧರಣಿ ನಡೆಸಲಿದ್ದೇವೆ. ಒಂದು ಕೈ ಮೈಕ್ ಬಳಸುತ್ತೇವೆ. ಸಂಚಾರಕ್ಕೆ ಅಡ್ಡಿಪಡಿಸುವುದಿಲ್ಲ. ಕಾರ್ಯಕ್ರಮದ ಹೊಣೆ ಹೊತ್ತವರ ಹೆಸರು, ವಿಳಾಸ, ಮೊಬೈಲ್ ಸಂಖ್ಯೆ ಕೆಳಗಿನಂತಿವೆ."

ಜನರ ಸಂಖ್ಯೆ ಸುಮ್ನೆ ಉಬ್ಬಿಸಬೇಡಿ. ಐದು ಸಾವಿರ ಅಂತ ಬರೆದರೆ ಬಂದೋಬಸ್ತ್ ಸಾಲದು ಅಂತ ನಿರಾಕರಿಸುವುದು ಸುಲಭ. ಎಂಬತ್ತು ಅಂತ ಬರೆದು ಎಂಟುನೂರು ಜನ ತಂದರೆ ಷರತ್ತು ಮುರಿದ ಹಾಗೆ. ಹೊಣೆ ಹೊತ್ತವರ ಹೆಸರು ಹಾಕುವಾಗಲೂ ಯೋಚಿಸಿ. ಏನಾದರೂ ಹೆಚ್ಚುಕಮ್ಮಿ ಆದರೆ ಮೊದಲು ನೋಟಿಸ್ ಬರುವುದು ಆ ಹೆಸರಿಗೆ. ಉತ್ಸಾಹಕ್ಕೆ ಕಾಲೇಜು ಹುಡುಗರ ಹೆಸರು ಬರೆದುಬಿಡುತ್ತಾರೆ. ಬೇಡ.

ಎರಡು ಪ್ರತಿ ಮಾಡಿಸಿ. ಆ ವ್ಯಾಪ್ತಿಯ ಠಾಣೆಗೆ ಒಂದು ವಾರ ಮೊದಲೇ ಹೋಗಿ. "ಸಾಹೇಬ್ರು ಬಂದೋಬಸ್ತ್‌ಗೆ ಹೋಗಿದ್ದಾರೆ, ನಾಳೆ ಬನ್ನಿ" ಅನ್ನುತ್ತಾರೆ. ಸಾಹೇಬರು ಬೇಕಿಲ್ಲ, ಟಪಾಲು ತೆಗೆದುಕೊಳ್ಳುವ ಸಿಬ್ಬಂದಿ ಸಾಕು. ನಿಮ್ಮ ಪ್ರತಿ ಮೇಲೆ ಠಾಣೆಯ ಸೀಲು, ದಿನಾಂಕ, ಸಹಿ ಬೀಳಬೇಕು. ಸೀಲು ಹಾಕಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ, ಇಮೇಲ್‌ನಲ್ಲೂ ಕಳಿಸಿ. ಪೋಸ್ಟಿನ ರಸೀದಿ ಜೋಪಾನ.

ಅನುಮತಿ ಇಲ್ಲ ಅಂದರೆ ಬಾಯಿಮಾತಿಗೆ ವಾಪಸ್ ಬರಬೇಡಿ. ಕಾರಣ ಬರೆದು ಹಿಂಬರಹ (ಅರ್ಜಿಗೆ ಲಿಖಿತ ಉತ್ತರ) ಕೊಡಿ ಅಂತ ಕೇಳಿ. ಹಿಂಬರಹ ಕೈಗೆ ಬಂದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದು. ಉತ್ತರ ಕರ್ನಾಟಕದವರು ಬೆಂಗಳೂರಿಗೆ ಬರಬೇಕಿಲ್ಲ, ಧಾರವಾಡ ಮತ್ತು ಕಲಬುರಗಿಯಲ್ಲಿ ಪೀಠಗಳಿವೆ.

ಇದು ಕಾಗದದ ಮೇಲಿನ ಮಾತಲ್ಲ. 2025ರಲ್ಲಿ ಚಿತ್ತಾಪುರದಲ್ಲಿ ಆರ್‌ಎಸ್‌ಎಸ್ ಪಥಸಂಚಲನಕ್ಕೆ ಅನುಮತಿ ಸಿಗಲಿಲ್ಲ. ಅವರು ಕಲಬುರಗಿ ಪೀಠಕ್ಕೆ ಹೋದರು. ಕೊನೆಗೆ ನವೆಂಬರ್‌ನಲ್ಲಿ ಪಥಸಂಚಲನ ನಡೆಯಿತು, ಷರತ್ತುಗಳೊಂದಿಗೆ. ಅದೇ ಸಮಯದಲ್ಲಿ ಸರ್ಕಾರಿ ಜಾಗಗಳಲ್ಲಿ ಹತ್ತಕ್ಕಿಂತ ಹೆಚ್ಚು ಜನ ಸೇರಲು ಅನುಮತಿ ಬೇಕು ಅಂತ ಸರ್ಕಾರ ಹೊರಡಿಸಿದ್ದ ಆದೇಶಕ್ಕೆ ಧಾರವಾಡ ಪೀಠ ತಡೆ ಕೊಟ್ಟಿತು. ನಿಮಗೆ ಆ ಸಂಘಟನೆ ಇಷ್ಟ ಇರಲಿ, ಇಲ್ಲದಿರಲಿ, ಅವರು ಹಿಡಿದ ದಾರಿ ನೀರಿನ ಕೊಡದವರಿಗೂ ತೆರೆದೇ ಇದೆ.

ಹೆಜ್ಜೆ 4: ನಿಷೇಧಾಜ್ಞೆ ಇದೆಯಾ ನೋಡಿ

ಎಲ್ಲರ ಬಾಯಲ್ಲಿ ಇನ್ನೂ '144 ಹಾಕಿದ್ದಾರೆ' ಅಂತಲೇ ಇದೆ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) 163ನೇ ಸೆಕ್ಷನ್. ನಂಬರ್ ಬದಲಾಗಿದೆ, ಒಳಗಿನ ಸರಕು ಅದೇ. ಜಿಲ್ಲೆಗಳಲ್ಲಿ ಡಿಸಿ ಅಥವಾ ತಹಶೀಲ್ದಾರ್, ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡದಂಥ ಕಮಿಷನರೇಟ್ ಊರುಗಳಲ್ಲಿ ಪೊಲೀಸ್ ಕಮಿಷನರ್ ಇದನ್ನು ಹೊರಡಿಸುತ್ತಾರೆ. ಒಂದು ಆದೇಶ ಎರಡು ತಿಂಗಳಿಗಿಂತ ಜಾಸ್ತಿ ನಡೆಯುವುದಿಲ್ಲ. ರಾಜ್ಯ ಸರ್ಕಾರ ಬೇಕಿದ್ದರೆ ಇನ್ನೂ ಆರು ತಿಂಗಳವರೆಗೆ ಮುಂದುವರಿಸಬಹುದು.

ಆದೇಶದ ಪ್ರತಿ ಹುಡುಕಿ ಓದಿ. ಯಾವ ಊರು, ಯಾವ ರಸ್ತೆ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಎಷ್ಟು ಜನಕ್ಕೆ ಅನ್ನುವುದೆಲ್ಲ ಅದರಲ್ಲೇ ಇರುತ್ತದೆ. ಪರೀಕ್ಷಾ ಕೇಂದ್ರದ ಸುತ್ತ 200 ಮೀಟರ್‌ಗೆ ಹಾಕಿದ ಆದೇಶ ತೋರಿಸಿ ಇಡೀ ಊರಲ್ಲಿ ಯಾರೂ ಸೇರಬಾರದು ಅಂದರೆ ನಂಬಬೇಡಿ.

2019ರ ಡಿಸೆಂಬರ್ ನೆನಪಿದೆಯಲ್ವಾ? ಪೌರತ್ವ ಕಾಯ್ದೆ ವಿರುದ್ಧ ಪ್ರತಿಭಟನೆ ಶುರುವಾಗುವ ಹಿಂದಿನ ದಿನ ಬೆಂಗಳೂರಿನಲ್ಲಿ ಮೂರು ದಿನದ ನಿಷೇಧಾಜ್ಞೆ ಬಂತು. 19ರಂದು ಟೌನ್ ಹಾಲ್ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಟಿವಿಯವರ ಜೊತೆ ಮಾತಾಡುತ್ತಿದ್ದಾಗಲೇ ಪೊಲೀಸರು ಅವರನ್ನು ಎಳೆದುಕೊಂಡು ಹೋದರು. ಎರಡು ತಿಂಗಳ ಮೇಲೆ, 2020ರ ಫೆಬ್ರವರಿಯಲ್ಲಿ, ಆ ನಿಷೇಧಾಜ್ಞೆಯೇ ಕಾನೂನುಬಾಹಿರ ಅಂತ ನಮ್ಮ ಹೈಕೋರ್ಟ್ ಹೇಳಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ ಅದು. ಅದರ ಹಿಂದಿನ ತಿಂಗಳು ಕಾಶ್ಮೀರದ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಅಳತೆಗೋಲು ಕೊಟ್ಟಿತ್ತು. ನ್ಯಾಯವಾದ ಅಭಿಪ್ರಾಯವನ್ನು ಅದುಮಲು ಈ ಸೆಕ್ಷನ್ ಬಳಸಬಾರದು, ಕಾರಣಗಳು ಆದೇಶದಲ್ಲೇ ಇರಬೇಕು, ಆದೇಶವನ್ನು ಪ್ರಕಟಿಸಬೇಕು.

ಆದರೆ ಒಂದು ನಿಜ ಮರೆಯಬೇಡಿ. ಗೆದ್ದದ್ದು ಎರಡು ತಿಂಗಳ ಮೇಲೆ. ಆ ದಿನ ಬಸ್ಸು ಹತ್ತಿದವರು ಹತ್ತಿದವರೇ. ಆದೇಶ ತಪ್ಪು ಅಂತ ಅನ್ನಿಸಿದರೆ ವಾದ ಮಾಡುವ ಜಾಗ ಕೋರ್ಟು. ಬ್ಯಾರಿಕೇಡ್ ಮುಂದೆ ವಾದ ಗೆದ್ದವರನ್ನು ನಾನು ನೋಡಿಲ್ಲ. ಆದೇಶ ಮೀರಿದರೆ ನ್ಯಾಯ ಸಂಹಿತೆಯ 223ನೇ ಸೆಕ್ಷನ್ ಹಾಕುತ್ತಾರೆ. ಸಾಮಾನ್ಯವಾಗಿ ಆರು ತಿಂಗಳವರೆಗೆ ಸಾದಾ ಜೈಲು ಅಥವಾ 2,500 ರೂಪಾಯಿವರೆಗೆ ದಂಡ. ಜನರ ಜೀವಕ್ಕೆ ಅಪಾಯ ಆಗುವಂತಿದ್ದರೆ ಶಿಕ್ಷೆ ಒಂದು ವರ್ಷದವರೆಗೆ ಏರುತ್ತದೆ.

ಹೆಜ್ಜೆ 5: ಆ ದಿನ

ಅನುಮತಿ ಪತ್ರ ಅಥವಾ ಸೀಲು ಬಿದ್ದ ಅರ್ಜಿಯ ಜೆರಾಕ್ಸ್ ನಾಲ್ಕೈದು ಜನರ ಕೈಯಲ್ಲಿರಲಿ. ಮೂಲ ಪ್ರತಿ ಮನೆಯಲ್ಲಿರಲಿ.

ಮೈಕ್‌ಗೆ ಬೇರೆ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಆಸ್ಪತ್ರೆ, ಶಾಲೆ, ಕೋರ್ಟು ಇದ್ದ ಕಡೆ ಸುತ್ತಲೂ 100 ಮೀಟರ್ ನಿಶ್ಶಬ್ದ ವಲಯ. ಬ್ಯಾನರ್ ಬಟ್ಟೆಯದ್ದಿರಲಿ, ಪ್ಲಾಸ್ಟಿಕ್ ಫ್ಲೆಕ್ಸ್ ಬೇಡ. ಅದನ್ನು ಕೈಯಲ್ಲಿ ಹಿಡಿಯಿರಿ, ವಿದ್ಯುತ್ ಕಂಬಕ್ಕೋ ಗೋಡೆಗೋ ಹಚ್ಚಿದರೆ ಸಾರ್ವಜನಿಕ ಜಾಗ ವಿರೂಪ ಮಾಡಿದ ಕೇಸು. ಬಾವುಟದ ಕೋಲು ತೆಳುವಾಗಿರಲಿ. ದಪ್ಪ ದೊಣ್ಣೆಗೆ ಬಟ್ಟೆ ಕಟ್ಟಿದರೆ ಅದನ್ನು ಬಾವುಟ ಅಂತ ನಂಬಿಸುವುದು ಕಷ್ಟ, 'ಆಯುಧ ಇಲ್ಲದೆ' ಅನ್ನುವ ಮಾತು ನೆನಪಿರಲಿ.

ಟೈರ್ ಸುಡುವುದು, ಪ್ರತಿಕೃತಿ ದಹನ ಇವೆಲ್ಲ ಟಿವಿಗೆ ಚೆಂದ. ಕಿಡಿ ಒಂದು ಬಸ್ಸಿಗೆ ಹಾರಿದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಸಾರ್ವಜನಿಕ ಆಸ್ತಿಗೆ ಬೆಂಕಿ ಹಚ್ಚಿದರೆ 1984ರ ಕಾಯ್ದೆಯಲ್ಲಿ ಹತ್ತು ವರ್ಷದವರೆಗೆ ಜೈಲು. ನಷ್ಟವನ್ನು ಸಂಘಟಕರಿಂದಲೂ ವಸೂಲಿ ಮಾಡಬಹುದು ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2020ರ ಆಗಸ್ಟ್‌ನ ಡಿ.ಜೆ. ಹಳ್ಳಿ ಗಲಭೆಯ ನಂತರ ನಷ್ಟದ ಲೆಕ್ಕ ಹಾಕಲು ನಮ್ಮ ಹೈಕೋರ್ಟ್ ಕ್ಲೇಮ್ ಕಮಿಷನರ್ ಅವರನ್ನೇ ನೇಮಿಸಿತ್ತು.

ಸ್ವಯಂಸೇವಕರು ನಾಲ್ಕು ಜನ ಇರಲಿ, ತೋಳಿಗೆ ಒಂದೇ ಬಣ್ಣದ ಪಟ್ಟಿ ಕಟ್ಟಿಕೊಳ್ಳಲಿ. ಅವರ ಕೆಲಸ ಎರಡೇ. ಆಂಬುಲೆನ್ಸ್ ಬಂದರೆ ದಾರಿ ಬಿಡಿಸುವುದು, ಗುರುತಿಲ್ಲದವರು ಬಂದು ಕಲ್ಲು ಹಿಡಿದರೆ ದೂರ ಸರಿದು ವಿಡಿಯೊ ಮಾಡುವುದು. ರಸ್ತೆಯಲ್ಲಿ ನಡೆಯುವುದನ್ನು ವಿಡಿಯೊ ಮಾಡುವುದೇ ಅಪರಾಧ ಅಲ್ಲ. ಪೊಲೀಸರೂ ನಿಮ್ಮನ್ನು ಮಾಡುತ್ತಲೇ ಇರುತ್ತಾರೆ.

ಯಾಕೆ ಇಷ್ಟೊಂದು ಎಚ್ಚರ ಅಂದರೆ, ಐದು ಜನ ಸೇರಿದರೆ ಸಾಕು, ಉದ್ದೇಶ ಕೆಟ್ಟದ್ದು ಅಂತಾದರೆ ನ್ಯಾಯ ಸಂಹಿತೆಯ 189ನೇ ಸೆಕ್ಷನ್‌ನ 'ಕಾನೂನುಬಾಹಿರ ಕೂಟ' ಆಗುತ್ತದೆ. ಮುಂದಿನ 190ನೇ ಸೆಕ್ಷನ್ ಪ್ರಕಾರ ಕೂಟದ ಸಮಾನ ಉದ್ದೇಶಕ್ಕಾಗಿ ಒಬ್ಬ ಮಾಡಿದ ಅಪರಾಧ ಎಲ್ಲರ ತಲೆಗೂ ಬರುತ್ತದೆ. ಒಬ್ಬ ಕಲ್ಲು ಹೊಡೆದ, ನಾನು ಸುಮ್ನೆ ನಿಂತಿದ್ದೆ ಅನ್ನುವುದನ್ನು ಆಮೇಲೆ ಸಾಬೀತು ಮಾಡಲು ವರ್ಷಗಟ್ಟಲೆ ಬೇಕು.

ಹೊರದೇಶದ ಪಾಸ್‌ಪೋರ್ಟ್ ಇರುವ ನಮ್ಮವರಿಗೊಂದು ಮಾತು. 19ನೇ ವಿಧಿಯ ಹಕ್ಕು ಭಾರತದ ನಾಗರಿಕರಿಗೆ ಮಾತ್ರ. ಭಾರತ ಮೂಲದ ವಿದೇಶಿಯರಿಗೆ ಕೊಡುವ ಒಸಿಐ ಕಾರ್ಡ್ ಪೌರತ್ವ ಅಲ್ಲ. ರಜೆಗೆ ಬಂದು ಅಣ್ಣನ ಜೊತೆ ಧರಣಿ ಕೂರುವ ಮೊದಲು ಇದನ್ನು ಯೋಚಿಸಿ.

ಹೆಜ್ಜೆ 6: "ಎದ್ದೇಳಿ" ಅಂದಾಗ

ಕೂಟ ಚದುರಲು ಆದೇಶ ಮಾಡುವ ಅಧಿಕಾರ ಮ್ಯಾಜಿಸ್ಟ್ರೇಟ್, ಠಾಣಾಧಿಕಾರಿ ಅಥವಾ ಅವರಿಲ್ಲದಾಗ ಎಸ್‌ಐ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿಗೆ ಇದೆ. ಮೊದಲು ಆದೇಶ, ಅದಕ್ಕೆ ಜಗ್ಗದಿದ್ದರೆ ಮಾತ್ರ ಬಲ. 2011ರಲ್ಲಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಮಧ್ಯರಾತ್ರಿ ಮಲಗಿದ್ದ ಜನರ ಮೇಲೆ ನುಗ್ಗಿದ್ದಕ್ಕೆ ಸುಪ್ರೀಂ ಕೋರ್ಟ್ ಪೊಲೀಸರನ್ನು ತರಾಟೆಗೆ ತೆಗೆದುಕೊಂಡಿತ್ತು.

ಆ ಹೊತ್ತಿಗೆ ಸಂಘಟಕರಲ್ಲಿ ಒಬ್ಬರೇ ಮಾತಾಡಿ. "ಸಾರ್, ಆದೇಶ ಯಾರದ್ದು? ಹತ್ತು ನಿಮಿಷ ಕೊಡಿ, ಮನವಿ ಪತ್ರ ಓದಿ ಮುಗಿಸುತ್ತೇವೆ." ಬಹಳ ಸಲ ಇದಕ್ಕೆ ಒಪ್ಪುತ್ತಾರೆ, ಅವರಿಗೂ ಊಟದ ಹೊತ್ತಾಗಿರುತ್ತದೆ. ಏನೇ ಆದರೂ ಸಮವಸ್ತ್ರಕ್ಕೆ ಕೈ ಹಾಕಬೇಡಿ, ಲಾಠಿ ಹಿಡಿದು ಎಳೆಯಬೇಡಿ. ಕೂಟದ ಸೆಕ್ಷನ್, ರಸ್ತೆ ಅಡ್ಡಿಯ ಸೆಕ್ಷನ್ ಎಲ್ಲ ಜಾಮೀನು ಸಿಗುವಂಥವು. ಕರ್ತವ್ಯದಲ್ಲಿದ್ದ ನೌಕರನ ಮೇಲೆ ಕೈ ಮಾಡಿದ 132ನೇ ಸೆಕ್ಷನ್ ಬಿದ್ದರೆ ಜಾಮೀನಿಗೆ ಕೋರ್ಟಿಗೇ ಹೋಗಬೇಕು. ಒಂದು ತಳ್ಳಾಟದಿಂದ ಸಂಜೆ ಮನೆಗೆ ಹೋಗಬೇಕಾದವರು ಜೈಲಿಗೆ ಹೋಗುವುದು ಹೀಗೆ.

ಹೆಜ್ಜೆ 7: ಬಸ್ಸು ಹತ್ತಿಸಿದರೆ

ಬಸ್ಸಲ್ಲಿ ಕರೆದುಕೊಂಡು ಹೋಗಿ ಪೊಲೀಸ್ ಮೈದಾನದಲ್ಲೋ ಕಲ್ಯಾಣ ಮಂಟಪದಲ್ಲೋ ಕೂರಿಸಿ, ಸಂಜೆ ಹೆಸರು ಬರೆದುಕೊಂಡು ಬಿಡುವುದು ವಾಡಿಕೆ. ಪೊಲೀಸರ ಸೂಚನೆ ಪಾಲಿಸದವರನ್ನು ಹೀಗೆ ಕರೆದೊಯ್ಯಲು ಸುರಕ್ಷಾ ಸಂಹಿತೆಯ 172ನೇ ಸೆಕ್ಷನ್‌ನಲ್ಲಿ, ಅಪರಾಧ ತಡೆಯಲು ಬಂಧಿಸಲು 170ನೇ ಸೆಕ್ಷನ್‌ನಲ್ಲಿ ಅಧಿಕಾರ ಇದೆ. ಯಾವುದರಲ್ಲೇ ಆಗಲಿ, ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸದೆ 24 ಗಂಟೆ ಮೀರುವ ಹಾಗಿಲ್ಲ.

ಕೇಳಬೇಕಾದ ಪ್ರಶ್ನೆ ಒಂದೇ: "ಇದು ಬಂಧನವಾ, ವಶಕ್ಕೆ ತೆಗೆದುಕೊಂಡಿರುವುದಾ? ಯಾವ ಸೆಕ್ಷನ್?" ಬಂಧನ ಆಗಿದ್ದರೆ ಕಾರಣ ತಿಳಿಸಬೇಕು, ನೀವು ಹೇಳಿದ ಒಬ್ಬರಿಗೆ ಸುದ್ದಿ ಮುಟ್ಟಿಸಬೇಕು, ಬಂಧನದ ಮೆಮೊಗೆ ಸಾಕ್ಷಿ ಸಹಿ ಇರಬೇಕು, ವೈದ್ಯಕೀಯ ತಪಾಸಣೆ ಆಗಬೇಕು. ವಿಚಾರಣೆ ನಡುವೆ ವಕೀಲರನ್ನು ನೋಡಬಹುದು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಬಂಧಿಸುವ ಹಾಗಿಲ್ಲ. ತೀರಾ ಅಪರೂಪಕ್ಕೆ ಬಂಧಿಸಬೇಕಾದರೂ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಾಡಬೇಕು.

ಹೆಸರು, ವಿಳಾಸ ಸರಿಯಾಗಿ ಕೊಡಿ. ಸುಳ್ಳು ಹೇಳಿದರೆ ಇಲ್ಲದ ತೊಂದರೆ. ಮುಚ್ಚಳಿಕೆ, ಅಂದರೆ ಹೀಗೆ ನಡೆದುಕೊಳ್ಳುತ್ತೇನೆ ಅನ್ನುವ ಮಾತು, ಬರೆಸಿಕೊಳ್ಳುತ್ತಾರೆ. "ಮುಂದೆ ಯಾವುದೇ ಪ್ರತಿಭಟನೆಯಲ್ಲಿ ಭಾಗವಹಿಸುವುದಿಲ್ಲ" ಅಂತ ಅದರಲ್ಲಿದ್ದರೆ ಸಹಿ ಮಾಡುವ ಮೊದಲು ವಕೀಲರಿಗೆ ಫೋನ್ ಮಾಡಿ. ಖಾಲಿ ಹಾಳೆಗೆ ಸಹಿ ಅಂತೂ ಬೇಡವೇ ಬೇಡ. ಫೋನ್ ಜಪ್ತಿ ಮಾಡಿದರೆ ಮಹಜರಿನ (ಜಪ್ತಿಯ ದಾಖಲೆ) ಪ್ರತಿ ಕೇಳಿ. ಜಪ್ತಿಯನ್ನು ವಿಡಿಯೊ ಮಾಡಬೇಕು ಅಂತ ಹೊಸ ಸಂಹಿತೆಯಲ್ಲೇ ಇದೆ.

ವಕೀಲರು ಗೊತ್ತಿಲ್ಲವಾ? ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಬಂಧನದಲ್ಲಿರುವವರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಆ ನಂಬರನ್ನು ಪೆನ್ನಿನಲ್ಲಿ ಕೈ ಮೇಲೆ ಬರೆದುಕೊಂಡಿರಿ. ಫೋನ್ ಮೊದಲು ಹೋಗುವ ವಸ್ತು.

ಹೆಜ್ಜೆ 8: ಆಮೇಲೆ ಬರುವ ಕೇಸು

ಎಫ್‌ಐಆರ್ ಆಗಿದೆಯಾ ಅಂತ ಎರಡು ದಿನ ಬಿಟ್ಟು ನೋಡಿಕೊಳ್ಳಿ. ರಾಜ್ಯ ಪೊಲೀಸ್ ವೆಬ್‌ಸೈಟಿನಲ್ಲಿ ಎಫ್‌ಐಆರ್ ಹುಡುಕಬಹುದು. ಕೆಲವರಿಗೆ ತಮ್ಮ ಮೇಲೆ ಕೇಸಿದೆ ಅಂತ ಗೊತ್ತಾಗುವುದೇ ಸಮನ್ಸ್ ಬಂದಾಗ. ಸಮನ್ಸ್ ಬಂದರೆ ಹೋಗಿ. ಹೋಗದಿದ್ದರೆ ವಾರಂಟ್. ಸಣ್ಣ ಕೇಸು ದೊಡ್ಡದಾಗುವುದು ಹೀಗೆಯೇ.

223ನೇ ಸೆಕ್ಷನ್‌ನಲ್ಲಿ ಒಂದು ಸೂಕ್ಷ್ಮ ಇದೆ. ನಿಷೇಧಾಜ್ಞೆ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಧಿಕಾರಿ ಕೋರ್ಟಿಗೆ ಲಿಖಿತ ದೂರು ಕೊಡದೆ, ಬರೀ ಪೊಲೀಸ್ ವರದಿ ಮೇಲೆ ಕೋರ್ಟ್ ಈ ಅಪರಾಧವನ್ನು ಕೈಗೆತ್ತಿಕೊಳ್ಳುವ ಹಾಗಿಲ್ಲ. ಹಳೇ ಐಪಿಸಿಯ 188ರಲ್ಲೂ ಇದೇ ನಿಯಮ ಇತ್ತು, ಹೈಕೋರ್ಟಿನಲ್ಲಿ ಎಷ್ಟೋ ಕೇಸು ಇದೇ ಕಾರಣಕ್ಕೆ ರದ್ದಾಗಿವೆ. ವಕೀಲರಿಗೆ ನೆನಪಿಸಿ.

ಎಲ್ಲ ಕೇಸೂ ಹಾಗೆ ಹೋಗುವುದಿಲ್ಲ. 2022ರಲ್ಲಿ ಆಗಿನ ಸಚಿವರೊಬ್ಬರ ರಾಜೀನಾಮೆ ಕೇಳಿ ಬೆಂಗಳೂರಿನಲ್ಲಿ ಮೆರವಣಿಗೆ ಹೊರಟ ಸಿದ್ದರಾಮಯ್ಯ ಮತ್ತಿತರರ ಮೇಲೂ ಎಫ್‌ಐಆರ್ ಆಗಿತ್ತು. ರದ್ದು ಮಾಡಿ ಅಂತ ಹೈಕೋರ್ಟಿಗೆ ಹೋದರೆ, 2024ರ ಫೆಬ್ರವರಿಯಲ್ಲಿ ಕೋರ್ಟ್ ಒಪ್ಪಲಿಲ್ಲ, ಮೇಲಿಂದ ತಲಾ 10,000 ರೂಪಾಯಿ ದಂಡ ಹಾಕಿತು. ಆಗ ಅವರು ಮುಖ್ಯಮಂತ್ರಿ! ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ನಮ್ಮ ಕೊಡದ ಆಂಟಿಗೆ ಸುಪ್ರೀಂ ಕೋರ್ಟಿನವರೆಗೆ ಹೋಗುವ ದಾರಿ ಇರಲಿಲ್ಲ. ಅವರು ಕೆಳ ಕೋರ್ಟಿನಲ್ಲಿ ದಂಡ ಕಟ್ಟಿ ಮುಗಿಸಿಕೊಂಡರು.

ದಂಡ ಕಟ್ಟಿ ಮುಗಿಸುವುದು ಸುಲಭ ಅನ್ನಿಸುತ್ತದೆ. ಆದರೆ ಅದು ತಪ್ಪೊಪ್ಪಿಗೆ, ದಾಖಲೆಯಲ್ಲಿ ಅಪರಾಧಿ ಅಂತಲೇ ಉಳಿಯುತ್ತದೆ. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವ ವಯಸ್ಸಿನವರು ಬೆಳಿಗ್ಗೆ ಹನ್ನೊಂದು ಗಂಟೆಯ ಕೋರ್ಟ್ ಹಾಲಿನ ಗಡಿಬಿಡಿಯಲ್ಲಿ ಹೂಂ ಅನ್ನುವ ಮೊದಲು ವಕೀಲರ ಹತ್ತಿರ ಕೂತು ಮಾತಾಡಿ. ಪಾಸ್‌ಪೋರ್ಟ್ ವಿಚಾರ ಬೇರೆ. ಕ್ರಿಮಿನಲ್ ಕೇಸು ಕೋರ್ಟಿನಲ್ಲಿ ಬಾಕಿ ಇದ್ದರೆ ಪಾಸ್‌ಪೋರ್ಟ್ ತಡೆಯಬಹುದು, ಆದರೆ ಅದೇ ಕೋರ್ಟಿನಿಂದ ಅನುಮತಿ ತಂದರೆ ಕೊಡುತ್ತಾರೆ. ಬರೀ ಎಫ್‌ಐಆರ್ ಹಂತದಲ್ಲಿದ್ದರೆ ಅದನ್ನು ಕೋರ್ಟಿನ ಕೇಸು ಅಂತ ಲೆಕ್ಕ ಹಿಡಿಯುವುದಿಲ್ಲ. ಅರ್ಜಿ ಫಾರಂನಲ್ಲಿ ಮಾತ್ರ ಮುಚ್ಚಿಡಬೇಡಿ. ಪರಿಶೀಲನೆಗೆ ಮನೆಗೆ ಬರುವವರು ಅದೇ ಠಾಣೆಯವರು, ನಿಮ್ಮ ಅರ್ಜಿಗೆ ಸೀಲು ಹಾಕಿದವರೇ ಆಗಿರಬಹುದು.